ಕುಂದಾಣಿಯ ಅರಸರೂ ಹೊಸೂರು ಸೀಮೆಯ ಕಲ್ಲುಗಳೂ

ಶ್ರೀ ಮರಕತಾಂಬಾ ಸಮೇತ ಶ್ರೀ ಚಂದ್ರಚೂಡೇಶ್ವರ ಸ್ವಾಮಿಯವರ ದರ್ಶನ ಮುಗಿಸಿ, ಬೆಟ್ಟದ ಮೇಲೆ ಒಂದು ಗಳಿಗೆ ನಿಂತು ಸುತ್ತ ನೋಡುವ ಭಕ್ತಾದಿಗಳಿಗೆ ಕೆಳಗೆ ಕಾರ್ಖಾನೆ, ಹೆದ್ದಾರಿ, ಹೊಸ ಹೊಸ ಬಡಾವಣೆಗಳು ಕಾಣುತ್ತವೆ. ಶಿವನು ಉಡದ ರೂಪ ತಾಳಿ ಇಲ್ಲಿಗೆ ಬಂದನೆಂದೂ, ದೇವಿಯು ಅದರ ಬೆನ್ನುಹತ್ತಿ ಬಂದಳೆಂದೂ ಸ್ಥಳಪುರಾಣ ಹೇಳುತ್ತದೆ. ಈ ಕಥೆ ಮಕ್ಕಳಿಗೂ ಗೊತ್ತು. ಆದರೆ ಇದೇ ಘಟ್ಟದ ಸೀಮೆಯ ಗುಡ್ಡಗಳ ಮೇಲೂ ಕೆರೆ ಏರಿಗಳ ಬದಿಯಲ್ಲೂ ಬಿದ್ದಿರುವ ಕೋಟೆ, ವೀರಗಲ್ಲು, ಕಲ್ಲುಮನೆಗಳ ಸಂಗತಿ ಊರಿನ ಹಿರಿಯರಿಗೂ ಅಷ್ಟಾಗಿ ತಿಳಿದಿಲ್ಲ.

ಇವುಗಳಲ್ಲಿ ಅತಿ ಹಳೆಯವು ಕಲ್ಲುಮನೆಗಳು. ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರದ ಗುಡ್ಡದ ಮೇಲೆ ದೊಡ್ಡ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಬದಿಗೆ ದುಂಡನೆಯ ಕಂಡಿ ಕೊರೆದ ಸಮಾಧಿಗಳು ಸಾಲುಸಾಲಾಗಿವೆ. ಕೆಲವುಗಳ ಒಳಗೆ ಬಿಳಿಯ ಬಣ್ಣದ ಚಿತ್ರಗಳೂ ಇವೆ. ಜನ ಇಂಥವನ್ನು ಪಾಂಡವರ ಮನೆಗಳೆನ್ನುತ್ತಾರೆ. ಪಾಂಡವರು ವನವಾಸದಲ್ಲಿ ಮಲಗದ ಊರೇ ದೇಶದಲ್ಲಿಲ್ಲವಷ್ಟೆ! ಆದರೂ ಆ ಹೆಸರಿನ ಭಯಭಕ್ತಿಯಿಂದಲೇ ಎಷ್ಟೋ ಚಪ್ಪಡಿಗಳು ಉಳಿದುಕೊಂಡಿವೆ ಎಂದರೆ ತಪ್ಪಾಗಲಾರದು. ಇದೇ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ಅಗೆದಾಗ ಸಿಕ್ಕಿದ ಕಬ್ಬಿಣ ಕ್ರಿ.ಪೂ. 2172ರಷ್ಟು ಹಳೆಯ ಕಾಲದ್ದೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಅಂದರೆ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ಭಾಗದಲ್ಲಿ ಕಬ್ಬಿಣದ ಬಳಕೆ ಇತ್ತೆಂದಾಯಿತು.

ದೇವಸ್ಥಾನದ ಭಕ್ತರು ಮುಖ್ಯವಾಗಿ ತಿಳಿಯಬೇಕಾದದ್ದು ಕುಂದಾಣಿಯ ಸಂಗತಿ. ಈಗ ಕುಂದಾಣಿ ಎಂದರೆ ಒಂದು ಹಳ್ಳಿ. ಆದರೆ ಒಂದು ಕಾಲಕ್ಕೆ ಅದು ಹೊಯ್ಸಳರ ರಾಜಧಾನಿ. ಹೊಯ್ಸಳ ಸೋಮೇಶ್ವರನ ತರುವಾಯ, ಸುಮಾರು 1254ರಲ್ಲಿ, ರಾಜ್ಯ ಎರಡು ಪಾಲಾಯಿತು. ದೋರಸಮುದ್ರ ಮೂರನೆಯ ನರಸಿಂಹನಿಗೆ ಬಂತು. ಶ್ರೀರಂಗದ ಹತ್ತಿರದ ಕಣ್ಣನೂರು ಅವನ ಸೋದರ ರಾಮನಾಥನಿಗೆ ಹೋಯಿತು. ಪಾಂಡ್ಯರ ಒತ್ತಡ ಹೆಚ್ಚಿ ಕಣ್ಣನೂರು ಕೈತಪ್ಪಿದ ಮೇಲೆ ರಾಮನಾಥ ಘಟ್ಟ ಹತ್ತಿ ಕುಂದಾಣಿಯಲ್ಲಿ ನೆಲೆಸಿ ರಾಜ್ಯವಾಳಿದ. ಅವನ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ, ಬೆಂಗಳೂರು ಸಂಪುಟಗಳಲ್ಲಿ ಸೇರಿಸಿದ್ದಾರೆ. ಕನ್ನಡ ವಂಶದ ಅರಸ. ಕೋಲಾರ ಸೀಮೆಯಲ್ಲಿ ಅವನು ಹಾಕಿಸಿದ ಶಾಸನಗಳಲ್ಲಿ ಹೆಚ್ಚಿನವು ತಮಿಳಿನಲ್ಲಿ! ಮನೆಯಲ್ಲೊಂದು, ಸಂತೆಯಲ್ಲೊಂದು, ಕಚೇರಿಯಲ್ಲೊಂದು ಮಾತಾಡುವ ಹೊಸೂರಿನವರಿಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ.

1295ರ ಹೊತ್ತಿಗೆ ರಾಮನಾಥ ತೀರಿಕೊಂಡ. ಮಗ ವಿಶ್ವನಾಥ ಹೆಚ್ಚು ಕಾಲ ಆಳಲಿಲ್ಲ. ನರಸಿಂಹನ ಮಗ ಮೂರನೆಯ ಬಲ್ಲಾಳ ಎರಡು ಪಾಲನ್ನೂ ಮತ್ತೆ ಒಂದು ಮಾಡಿದ. ಆಮೇಲೆ, 1301ರಲ್ಲಿ, ಅವನು ಹೊರಡಿಸಿದ ಒಂದು ಆಜ್ಞೆ ಪ್ರತಿಯೊಂದು ದೇವಸ್ಥಾನ ಸಮಿತಿಯೂ ನೆನಪಿಡತಕ್ಕದ್ದು. ಹೆಸರ-ಕುಂದಾಣಿ ರಾಜ್ಯ, ವಿರಿವಿನಾಡು, ಮಾಸಂದಿನಾಡು, ಮುರಸುನಾಡು ಮೊದಲಾದ ನಾಡುಗಳ ಮಠ-ದೇವಸ್ಥಾನಗಳ ಮುಖ್ಯಸ್ಥರನ್ನು ಉದ್ದೇಶಿಸಿ ಅದನ್ನು ಬರೆಯಿಸಲಾಗಿದೆ. ದೇವರ ಭೂಮಿಗಳ ಮೇಲಿನ ಬಗೆಬಗೆಯ ತೆರಿಗೆಗಳನ್ನು ಬಿಟ್ಟುಕೊಟ್ಟು, ಆ ಹಣ ಪೂಜೆಗೆ, ನೈವೇದ್ಯಕ್ಕೆ ಮತ್ತು ದೇವಾಲಯಗಳ ಜೀರ್ಣೋದ್ಧಾರಕ್ಕೆ ಸಲ್ಲಬೇಕೆಂದು ಅರಸ ವಿಧಿಸಿದ್ದಾನೆ. ಆಗಿನ ಕಾಲಕ್ಕೆ ಕಾಗದಪತ್ರದ ಕಚೇರಿ ಎಲ್ಲಿ? ಒಂದೇ ಆಜ್ಞೆಯನ್ನು ಹಲವು ಗುಡಿಗಳಲ್ಲಿ ಕಲ್ಲಿನ ಮೇಲೆ ಕೊರೆಯಿಸಲಾಯಿತು. ಅಂಗಡಿಯವನಿಗೆ ಖಾತೆ ಪುಸ್ತಕ ಹೇಗೋ ದೇವಸ್ಥಾನಕ್ಕೆ ಆ ಕಲ್ಲು ಹಾಗೆ. ಏಳುನೂರು ವರ್ಷ ಕಳೆದ ಮೇಲೂ ಲೆಕ್ಕ ಓದಲು ಬರುತ್ತದೆ.

ಕೋಟೆಗಳ ಕಥೆ ಇನ್ನೊಂದು ಬಗೆಯದು. ಘಟ್ಟದ ಕೆಳಗಿನ ಸೀಮೆಗೆ ಬಾರಾಮಹಲ್ ಎಂಬ ಹೆಸರು ಹನ್ನೆರಡು ಕೋಟೆಗಳಿಂದ ಬಂತೆನ್ನುತ್ತಾರೆ; ಆ ಹನ್ನೆರಡು ಯಾವುವೆಂದರೆ ಒಂದೊಂದು ಪಟ್ಟಿ ಒಂದೊಂದು ಹೇಳುತ್ತದೆ. ಕೃಷ್ಣಗಿರಿ ದುರ್ಗವಂತೂ ಎಲ್ಲ ಪಟ್ಟಿಗಳಿಗೂ ಕಿರೀಟ. 1791ರ ನವೆಂಬರ್ 7ರ ರಾತ್ರಿ ಮ್ಯಾಕ್ಸ್‌ವೆಲ್ ಎಂಬ ಕುಂಪಣಿ ಸೇನಾಧಿಕಾರಿ ಪೇಟೆಯನ್ನೂ ಕೆಳಕೋಟೆಯನ್ನೂ ಹಿಡಿದ. ಮೇಲುದುರ್ಗದ ಬಾಗಿಲಿಗೆ ಏಣಿ ಹಾಕಲು ಹೋದಾಗ ಟಿಪ್ಪುವಿನ ಕಾವಲಿನವರು ಮೇಲಿನಿಂದ ಗುಂಡುಕಲ್ಲುಗಳನ್ನು ಉರುಳಿಸಿದರು. ಏಣಿ ಮುರಿದವು, ದಂಡು ಹಿಂದಿರುಗಿತು.

ಅದೇ ವರ್ಷ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಳಿಯವರೆಗೂ ಹೋಗಿ, ಎತ್ತುಗಳು ಸತ್ತು ದವಸ ತೀರಿದ್ದರಿಂದ ಬರಿಗೈಯಲ್ಲಿ ಬೆಂಗಳೂರಿಗೆ ಮರಳಿದ್ದ. ಸರಕು ಬಾರದೆ ದಂಡು ನಡೆಯದೆಂಬುದು ವ್ಯಾಪಾರಸ್ಥರಿಗೆ ಹೇಳಬೇಕಾದ ಮಾತಲ್ಲ. ಘಟ್ಟದ ದಾರಿಯನ್ನು ತೆರೆಯಲೆಂದೇ ಕುಂಪಣಿಯವರು ಜುಲೈನಲ್ಲಿ ಹೊಸೂರನ್ನೂ ರಾಯಕೋಟೆಯನ್ನೂ ಹಿಡಿದರು. 1792ರ ಒಪ್ಪಂದದಲ್ಲಿ ಬಾರಾಮಹಲ್ ಮತ್ತು ರಾಯಕೋಟೆ ಕುಂಪಣಿಗೆ ಸೇರಿದವು. ಹೊಸೂರು ಟಿಪ್ಪುವಿನ ಕಡೆಗೇ ಉಳಿಯಿತು. ಹೀಗೆ ಏಳು ವರ್ಷ ಕಾಲ ಒಂದೇ ಸೀಮೆಯ ನಡುವೆ ಎರಡು ರಾಜ್ಯಗಳ ಗಡಿ ಹಾದುಹೋಗಿತ್ತು. ರಾಯಕೋಟೆಯ ಕಡೆ ಕ್ಯಾಪ್ಟನ್ ರೀಡ್ ಮತ್ತು ಅವನ ಸಹಾಯಕ ಮನ್ರೋ ಹೊಲಗಳನ್ನು ಅಳೆದು ರೈತವಾರಿ ಪದ್ಧತಿಗೆ ತಳಹದಿ ಹಾಕುತ್ತಿದ್ದರು. ಹೊಸೂರಿನ ಕಡೆ ಕಂದಾಯ ಮೈಸೂರಿಗೆ ಹೋಗುತ್ತಿತ್ತು. 1799ರ ಮಾರ್ಚ್ 5ರಂದು ಹ್ಯಾರಿಸ್‌ನ ಸೈನ್ಯ ಆ ಗಡಿಯನ್ನು ದಾಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದರೊಂದಿಗೆ ಈ ದುರ್ಗಗಳಿಗೆ ಕೆಲಸವೂ ಮುಗಿಯಿತು.

ಕೃಷ್ಣಗಿರಿ, ರಾಯಕೋಟೆ ದುರ್ಗಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ವೀರಗಲ್ಲುಗಳಿಗೆ ಆ ಭಾಗ್ಯ ಎಲ್ಲ ಕಡೆ ಇಲ್ಲ. ಕೆಳಗಿನ ಅಂಕಣದಲ್ಲಿ ದನಗಳನ್ನು ಬಿಡಿಸಲು ಹೋರಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ಅದರ ಮೇಲೆ ಸೂರ್ಯಚಂದ್ರರು: ಇಂಥ ಕಲ್ಲಿಗೆ ಜನ ವೇಡಿಯಪ್ಪನೆಂದು ಕಾಯಿ ಒಡೆಯುವ ಕಡೆ ಅದು ನಿಂತಿದೆ. ಪೂಜೆ ನಿಂತ ಕಡೆ ಬಟ್ಟೆ ಒಗೆಯುವ ಕಲ್ಲಾಗಿದೆ, ಇಲ್ಲವೆ ಗ್ರಾನೈಟ್ ಕ್ವಾರಿಯ ಜಲ್ಲಿಯೊಂದಿಗೆ ಹೋಗಿದೆ. ನಿಧಿಯಾಸೆಗೆ ಬುಡ ಅಗೆಯುವವರ ಮಾತು ಬೇರೆಯೇ.

ಆದರೆ ಎಲ್ಲ ಅಪರಾಧವನ್ನೂ ಕ್ವಾರಿಯವರ ಮೇಲೆ ಹೊರಿಸುವುದು ನ್ಯಾಯವಲ್ಲ. ಭಕ್ತಿಯಿಂದಲೇ ಹಾಳಾದ ಶಾಸನಗಳು ಕಡಿಮೆಯಿಲ್ಲ. ಕುಂಭಾಭಿಷೇಕ ಬಂತೆಂದರೆ ಗೋಡೆಗೆ ಸುಣ್ಣ, ಕಂಬಕ್ಕೆ ಪೇಂಟು, ಅಧಿಷ್ಠಾನಕ್ಕೆ ಟೈಲ್ಸು, ಎಣ್ಣೆಜಿಡ್ಡು ತೆಗೆಯಲು ಮರಳು ಚಿಮ್ಮಿಸುವ ಯಂತ್ರ. ಜೀರ್ಣೋದ್ಧಾರಕ್ಕೆಂದು ಹಣ ಬಿಟ್ಟುಕೊಟ್ಟ ಅರಸನ ಅಕ್ಷರಗಳೇ ಜೀರ್ಣೋದ್ಧಾರದಲ್ಲಿ ಅಳಿಸಿಹೋಗುತ್ತವೆ. ಕೆಲಸಕ್ಕೆ ಕೈಹಾಕುವ ಮುನ್ನ ಧರ್ಮದರ್ಶಿಗಳು ಶಾಸನದ ಅಚ್ಚು ತೆಗೆಯಿಸಬಹುದು. ಒದ್ದೆ ಕಾಗದವನ್ನು ಕಲ್ಲಿಗೆ ಬ್ರಷ್‌ನಿಂದ ತಟ್ಟಿ ಕೂರಿಸಿ, ಮೇಲೆ ಮಸಿ ಒತ್ತಿದರೆ ಅಕ್ಷರಗಳು ಬಿಳಿಯಾಗಿ ಮೂಡುತ್ತವೆ, ಕಲ್ಲಿಗೆ ಧಕ್ಕೆಯಿಲ್ಲ. ಹೀಗೆ ತೆಗೆದ ಅಚ್ಚುಗಳನ್ನು ಓದುವ ಕೇಂದ್ರ ಸರ್ಕಾರದ ಶಾಸನ ಶಾಖೆ ಮೈಸೂರಿನಲ್ಲೇ ಇದೆ. ಅಷ್ಟೂ ಆಗದಿದ್ದರೆ, ಸಂಜೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಪ್ರಾಕಾರವನ್ನು ಒಂದು ಸುತ್ತು ಬಂದು ನೋಡಬೇಕು. ಮಧ್ಯಾಹ್ನ ಬೋಳಾಗಿ ಕಂಡ ಚಪ್ಪಡಿಯ ಮೇಲೆ ಆಗ ಸಾಲುಸಾಲಾಗಿ ಅಕ್ಷರಗಳು ಎದ್ದು ಕಾಣುತ್ತವೆ.