ಹೊಲಿಗೆಯಿಲ್ಲದೆ ಕೂಡಿದ ಮೂಗು

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಬೈಕಿನಿಂದ ಬಿದ್ದು ಹುಬ್ಬು ಸೀಳಿಕೊಂಡವನಿಗೆ ನರ್ಸಿಂಗ್ ಹೋಮಿನಲ್ಲಿ ಎರಡು ಬಗೆಯ ದಾರ ಬೀಳಬಹುದು. ಒಳಪದರಕ್ಕೆ ತಾನೇ ಕರಗುವ ಪಾಲಿಗ್ಲಾಕ್ಟಿನ್. ಮೇಲಿನ ಚರ್ಮಕ್ಕೆ ಕೂದಲೆಳೆಯಂಥ ನೈಲಾನ್. ಅದನ್ನು ಐದಾರು ದಿನಕ್ಕೆ ಬಿಚ್ಚುತ್ತಾರೆ. ತಡವಾದರೆ ಹೊಲಿಗೆಯ ಗುರುತೇ ಮುಖದ ಮೇಲೆ ಉಳಿದೀತು.

ಎಲ್ಲಿಗೆ ಯಾವ ದಾರ, ಯಾವ ಸೂಜಿ ಎಂಬ ಲೆಕ್ಕ ಹಳೆಯದು. ಸುಶ್ರುತ ಸಂಹಿತೆಯಲ್ಲಿ ನಾರು, ಸ್ನಾಯು, ಕೂದಲು ಎಲ್ಲವೂ ದಾರವೇ. ಮಾಂಸ ಕಡಿಮೆಯಿರುವಲ್ಲಿ ಎರಡು ಅಂಗುಲದ ದುಂಡು ಸೂಜಿ, ಮಾಂಸಲ ಭಾಗಕ್ಕೆ ಮೂರು ಅಂಗುಲದ ಮುಮ್ಮೂಲೆ ಸೂಜಿ, ಹೊಟ್ಟೆಗೆ ಬಿಲ್ಲಿನಂತೆ ಬಾಗಿದ್ದು. ಹರಿದ ಕರುಳಿಗಾದರೆ ಕಪ್ಪು ಇರುವೆಗಳಿಂದ ಕಚ್ಚಿಸಿ, ತಲೆ ಉಳಿಸಿ ಮೈ ಕತ್ತರಿಸುವುದು.

ದಾರವೇ ಬೇಡವಾದದ್ದೂ ಉಂಟು.

1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುವ ಕಾವಸ್ಜಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು, ಒಂದು ಕೈ ಕಳೆದುಕೊಂಡ. ಮುಂದೆ ಪುಣೆಯ ಬಳಿಯ ನಾಟಿ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಮೇಣದ ಅಚ್ಚಿನ ಅಳತೆಗೆ ಬಿಡಿಸಿ, ಕೆಳಕ್ಕೆ ತಿರುಗಿಸಿ ಮೂಗು ಕಟ್ಟಿದ. ಅಂಚು ಕೂಡಿಸಲು ಸೂಜಿ ಹಿಡಿಯಲಿಲ್ಲ. ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಪಟ್ಟಿಗೆ ಬಳಿದು, ಐದಾರು ಪಟ್ಟಿ ಒಂದರ ಮೇಲೊಂದು ಇಟ್ಟ. ನಾಲ್ಕು ದಿನ ಅದೇ ಕಟ್ಟು. 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದರ ಜಾಡು ಹಿಡಿದೇ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಮೂಗು ಕಟ್ಟಿದ್ದು.

ಕರಗುವ ದಾರದ್ದು ಬೇರೆಯೇ ದಾರಿ. 1869ರಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಕ್ಯಾಟ್‌ಗಟ್ ಬಳಕೆಗೆ ತಂದ. ಹೆಸರಿನಲ್ಲಿ ಬೆಕ್ಕಿದ್ದರೂ ಎಳೆ ಮಾತ್ರ ಕುರಿಯ ಕರುಳಿನದು.