ಪಿಟೀಲು: ಬೀದಿಯಿಂದ ಬಂದ ಬಿರುದು

ಬರಗಾಲದ ವರ್ಷ ಮಂತ್ರಿಯೊಬ್ಬರು ವಿದೇಶ ಪ್ರವಾಸ ಹೊರಟರೆ ಸಾಕು, ಮಾರನೆಯ ದಿನ ನಮ್ಮ ಪತ್ರಿಕೆಗಳಲ್ಲಿ ನೀರೋ ಹಾಜರ್. ರೋಮ್ ಹೊತ್ತಿ ಉರಿಯುವಾಗ ಪಿಟೀಲು ಬಾರಿಸುತ್ತಿದ್ದ ದೊರೆ. ಪಾಪ, ಅವನು ಪಿಟೀಲನ್ನು ಕಣ್ಣಿಂದಲೂ ಕಂಡವನಲ್ಲ. ರೋಮಿಗೆ ಬೆಂಕಿ ಬಿದ್ದದ್ದು ಕ್ರಿ.ಶ. 64ರಲ್ಲಿ, ಪಿಟೀಲು ಉತ್ತರ ಇಟಲಿಯಲ್ಲಿ ಈಗಿನ ಆಕಾರ ಪಡೆದದ್ದು ಹದಿನಾರನೆಯ ಶತಮಾನದಲ್ಲಿ. ನೀರೋ ಹಾಡುತ್ತಿದ್ದ, ಕಿಥಾರ ಎಂಬ ವಾದ್ಯವನ್ನು ಮೀಟುತ್ತಿದ್ದ. ಇಂಗ್ಲಿಷಿನವರು ಈ ಮಾತಿನಲ್ಲಿ ಬಳಸುವ ‘ಫಿಡಲ್’ಗೆ ಎರಡು ಅರ್ಥ. ಒಂದು ವಾದ್ಯ, ಇನ್ನೊಂದು, ಕೆಲಸಕ್ಕೆ ಬಾರದ್ದನ್ನು ಮಾಡುತ್ತ ಹೊತ್ತು ಕಳೆಯುವುದು. ಕನ್ನಡಕ್ಕೆ ಬರುವ ದಾರಿಯಲ್ಲಿ ಎರಡನೆಯ ಅರ್ಥ ಉದುರಿಹೋಯಿತು. ನೀರೋನ ಕೈಗೆ ನಿಜವಾದ ಪಿಟೀಲೇ ಬಂದು ಕೂತಿತು.

ಪಿಟೀಲು ಅನ್ನುವುದು ಇದೇ ‘ಫಿಡಲ್’ನ ಕನ್ನಡ ರೂಪ. ಇಂಗ್ಲಿಷಿಗೆ ಅದು ಎಲ್ಲಿಂದ ಬಂತು ಎಂದು ಕೇಳಿದರೆ ಪಂಡಿತರು ಪೂರ್ತಿ ಒಪ್ಪಿದ ಉತ್ತರವಿಲ್ಲ. ಮಧ್ಯಯುಗದ ಲ್ಯಾಟಿನ್ನಿನ ‘ವಿಟುಲಾ’ ಎಂಬ ತಂತಿವಾದ್ಯದ ಹೆಸರನ್ನು ಹೆಚ್ಚಿನವರು ತೋರಿಸುತ್ತಾರೆ. ಇಟಲಿಯ ‘ವಿಯೋಲಾ’ದ ಬೇರೂ ಅದೇ ಇರಬೇಕೆಂಬ ಅಂದಾಜಿದೆ. ವಿಯೋಲಾದ ಮರಿ ‘ವಿಯೋಲಿನೊ’, ಅಂದರೆ ಪುಟ್ಟ ವಿಯೋಲಾ. ಅಂದಾಜು ಸರಿಯಾದರೆ ಫಿಡಲ್ ಮತ್ತು ವಯೊಲಿನ್ ದಾಯಾದಿಗಳು. ಹುಟ್ಟಿದ ಮನೆ ಒಂದೇ ಆದರೂ ಬೆಳೆದ ಕೇರಿ ಬೇರೆ.

ಕೇರಿಯ ಮಾತು ಸುಮ್ಮನೆ ಆಡಿದ್ದಲ್ಲ. 1556ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸಂಗೀತದ ಪುಸ್ತಕ ಬರೆದ ಜಾಂಬ್ ದ ಫೆರ್ ಎಂಬಾತ, ಈ ವಾದ್ಯ ಕುಣಿತಕ್ಕೆ ತಕ್ಕುದು, ಹೊಟ್ಟೆಪಾಡಿಗೆ ನುಡಿಸುವವರನ್ನು ಬಿಟ್ಟರೆ ಇದನ್ನು ಹಿಡಿಯುವವರು ಕಡಿಮೆ ಎಂಬರ್ಥದ ಮಾತು ಹೇಳಿದ್ದಾನೆ. ಮದುವೆ ಮೆರವಣಿಗೆ, ಹೆಂಡದಂಗಡಿ, ಜಾತ್ರೆ, ಇವೇ ಅದರ ಜಾಗ. ಮುಂದಿನ ನೂರೈವತ್ತು ವರ್ಷಗಳಲ್ಲಿ ಅದರ ದೆಸೆ ತಿರುಗಿತು. ಇಟಲಿಯ ಕ್ರೆಮೋನಾ ಊರಿನಲ್ಲಿ ಅಮಾಟಿ ಮನೆತನ, ಆಮೇಲೆ ಸ್ಟ್ರಾಡಿವರಿ ಮತ್ತು ಗ್ವಾರ್ನೆರಿ ಕುಟುಂಬದವರು ಮರಗೆಲಸವನ್ನು ತಪಸ್ಸಿನ ಮಟ್ಟಕ್ಕೆ ಒಯ್ದರು. ರೋಮಿನ ಕಾರ್ಡಿನಲ್‌ಗಳ ಆಶ್ರಯದಲ್ಲಿದ್ದ ಕೊರೆಲ್ಲಿ 1700ರಲ್ಲಿ ಇದಕ್ಕೆಂದೇ ಬರೆದ ಹನ್ನೆರಡು ಸೊನಾಟಾಗಳನ್ನು ಪ್ರಕಟಿಸಿದ. ವೆನಿಸ್ಸಿನ ಅನಾಥಾಶ್ರಮವೊಂದರಲ್ಲಿ ವಿವಾಲ್ಡಿ 1703ರಿಂದ ಹೆಣ್ಣುಮಕ್ಕಳಿಗೆ ಇದರ ಪಾಠ ಹೇಳಿದ. ಬರೋಕ್ ಎಂದು ಕರೆಯುವ ಆ ಕಾಲದ ಕೊನೆಗೆ ಬರುವ ಹೊತ್ತಿಗೆ ಚರ್ಚಿನಲ್ಲೂ ಒಪೇರಾ ಮಂದಿರದಲ್ಲೂ ವಾದ್ಯಮೇಳದ ಬೆನ್ನೆಲುಬು ಇದೇ ವಾದ್ಯವಾಗಿತ್ತು.

ಲಂಡನ್ನಿನಲ್ಲಿ ಹ್ಯಾಂಡೆಲ್ ಇಟಾಲಿಯನ್ ಭಾಷೆಯ ಒಪೇರಾಗಳನ್ನು ಕಟ್ಟುತ್ತಿದ್ದ ಕಾಲ ಅದು. ಅವುಗಳಲ್ಲಿ ಒಂದು ನಮ್ಮ ಪುರೂರವನದಲ್ಲ, ಪೌರವನದು: ಅಲೆಕ್ಸಾಂಡರನ ಎದುರು ನಿಂತ ಪೋರಸ್ ರಾಜನ ಕಥೆ. 1731ರಲ್ಲಿ ಹೇಮಾರ್ಕೆಟ್ಟಿನ ರಂಗಮಂದಿರದಲ್ಲಿ ಆಡಿದ್ದು. ಮೆಟಸ್ಟಾಸಿಯೊ ಬರೆದ ಸಾಹಿತ್ಯವನ್ನು ತಿದ್ದಿಕೊಂಡದ್ದು. ಪೋರಸ್ ಆಗಿ ಹಾಡಿದವನು ಸೆನೆಸಿನೊ ಎಂಬ ಕ್ಯಾಸ್ಟ್ರಾಟೊ, ಅಂದರೆ ದನಿ ಒಡೆಯದಂತೆ ಬಾಲ್ಯದಲ್ಲೇ ಬೀಜ ಒಡೆಸಿದ ಗಾಯಕ. ಜೀಲಂ ನದಿಯ ದೊರೆ ಹೆಣ್ಣುದನಿಯ ಎತ್ತರದಲ್ಲಿ ಇಟಾಲಿಯನ್ನಿನಲ್ಲಿ ಹಾಡಿದ್ದನ್ನು ನೆನೆದರೆ ನಮ್ಮ ಕಂಪನಿ ನಾಟಕಗಳ ಸ್ತ್ರೀಪಾತ್ರಧಾರಿಗಳ ಬಗ್ಗೆ ಇನ್ನು ಯಾರೂ ಮೂಗು ಮುರಿಯಬೇಕಿಲ್ಲ. ಅಂಥ ಒಪೇರಾದ ಪಿಟೀಲುಗಳಿಗಿದ್ದ ಕೆಲಸ ಇನ್ನೂ ಸ್ವಾರಸ್ಯದ್ದು. ಹಾಡಿಗೆ ಮೊದಲು ಅದರ ಧಾಟಿಯನ್ನು ಹಾಸಿಕೊಡುವುದು, ಗಾಯಕ ನಿಲ್ಲಿಸಿದಲ್ಲಿ ಅದನ್ನು ಮರಳಿಸುವುದು, ಎಷ್ಟೋ ಕಡೆ ಅವನ ದನಿಯ ಜೊತೆಗೇ ಅದೇ ಸ್ವರದಲ್ಲಿ ನಡೆಯುವುದು. ಹಾಡಿನ ಮೊದಲ ಭಾಗ ಎರಡನೆಯ ಸಲ ಬಂದಾಗ ಗಾಯಕ ತನ್ನ ಮನೋಧರ್ಮದಂತೆ ಅಲಂಕಾರ ಸೇರಿಸುತ್ತಿದ್ದ. ಇದನ್ನು ಓದಿದ ಮೈಸೂರಿನ ರಸಿಕರಿಗೆ ಸಂಗತಿ, ಪಕ್ಕವಾದ್ಯ ಎಂಬ ಮಾತುಗಳು ತಾವಾಗಿ ನೆನಪಿಗೆ ಬಂದಾವು. ಅಲ್ಲಿ ಪಿಟೀಲಿನವರ ಮುಂದೆ ಬರೆದ ಹಾಳೆ ಇರುತ್ತಿತ್ತು, ಇಲ್ಲಿ ಏನೂ ಇಲ್ಲ, ವ್ಯತ್ಯಾಸ ದೊಡ್ಡದೇ. ಆದರೂ ಮನುಷ್ಯನ ಕೊರಳಿಗೆ ಜೊತೆಯಾಗುವುದನ್ನು ಈ ವಾದ್ಯ ನಮ್ಮಲ್ಲಿಗೆ ಬಂದ ಮೇಲೆ ಕಲಿಯಬೇಕಾಗಿರಲಿಲ್ಲ.

ಲಂಡನ್ನಿನ ಒಪೇರಾದಲ್ಲಿ ಅದು ವಯೊಲಿನ್. ಬೀದಿಯಲ್ಲಿ, ಹಡಗಿನಲ್ಲಿ, ಸಿಪಾಯಿಗಳ ಬಿಡಾರದಲ್ಲಿ ಅದು ಫಿಡಲ್. ಇಂಗ್ಲಿಷರ ಜೊತೆ ಅದು ಬಂದಿಳಿದ ಕೋರಮಂಡಲದ ಕರಾವಳಿಯಲ್ಲಿ ನಮ್ಮವರ ಕಿವಿಗೆ ಬಿದ್ದದ್ದು ಯಾವ ಹೆಸರು ಎಂಬುದನ್ನು ಪಿಟೀಲು ಎಂಬ ಪದವೇ ಹೇಳುತ್ತದೆ.

ಇನ್ನು ಪದದ ಮೈಕಟ್ಟು. ‘ಫ’ ನಮ್ಮ ಬಾಯಲ್ಲಿ ‘ಪ’ ಆಗುವುದು ಹೊಸದಲ್ಲ. ಕಾಫಿ ಕಾಪಿಯಾಯಿತು, ಆಫೀಸು ಆಪೀಸಾಯಿತು. ಆದರೆ ‘ಡ’ ಕನ್ನಡಿಗರ ನಾಲಿಗೆಗೆ ತೊಡಕಿನ ಅಕ್ಷರವೇನಲ್ಲ. ಅದು ‘ಟ’ ಆದದ್ದು ಏಕೆ? ತೆಲುಗಿನವರು ಫಿಡೇಲು ಅಂದರು, ಡಕಾರ ಉಳಿಸಿಕೊಂಡರು. ತಮಿಳಿನಲ್ಲಿ ಟಕಾರ ಡಕಾರಗಳಿಗೆ ಇರುವುದು ಒಂದೇ ಅಕ್ಷರ. ಅವರು ಆ ಅಕ್ಷರದಲ್ಲೇ ಬರೆದುಕೊಂಡು ಪಿಡಿಲ್ ಎಂದೇ ಓದುತ್ತಾರೆ. ಅದೇ ಬರಹವನ್ನು ಪಕ್ಕದವನು ಓದಿದರೆ ಪಿಟಿಲ್ ಎಂದೂ ಓದಿಯಾನು. ಪಿಟೀಲು ಕನ್ನಡಕ್ಕೆ ಇಂಗ್ಲಿಷಿನಿಂದ ನೇರ ಇಳಿದದ್ದಲ್ಲ, ತಮಿಳು ಸೀಮೆಯನ್ನು ಹಾದು ಬಂದದ್ದು ಎಂಬುದು ನನ್ನ ಊಹೆ. ಅದೇ ದಾರಿಯಲ್ಲಿ ಇಂಗ್ಲಿಷಿನ ‘ನೋಟ್’ ಎಂಬುದು ‘ನೊಟ್ಟು’ ಆಗಿ, ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ರಚನೆಗಳಿಗೆ ನೊಟ್ಟುಸ್ವರ ಎಂಬ ಹೆಸರು ನಿಂತಿದೆ.

ಜನರ ಓಡಾಟವೂ ಈ ಊಹೆಗೆ ಅನುಕೂಲವಾಗಿದೆ. ಆ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ ವಾದಕರಿಂದ ಪಿಟೀಲು ಕಲಿತು ಅದನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದರು. ತಂಜಾವೂರಿನ ನಾಲ್ವರು ಸಹೋದರರಲ್ಲಿ ವಡಿವೇಲು ಈ ವಾದ್ಯದಲ್ಲಿ ಹೆಸರು ಮಾಡಿ ತಿರುವಾಂಕೂರಿನಲ್ಲಿ ಸ್ವಾತಿ ತಿರುನಾಳರಿಂದ 1834ರಲ್ಲಿ ದಂತದ ಪಿಟೀಲನ್ನು ಉಡುಗೊರೆಯಾಗಿ ಪಡೆದರು. ಅವರ ಹಿರಿಯಣ್ಣ ಚಿನ್ನಯ್ಯ ಬಂದು ಸೇರಿದ್ದು ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ.

ನಮ್ಮಲ್ಲಿಗೆ ಬಂದ ಮೇಲೆ ವಾದ್ಯವನ್ನು ಹಿಡಿಯುವ ರೀತಿ ಬದಲಾಯಿತು. ಚಕ್ಕಳಮಕ್ಕಳ ಕೂತು, ಬುಡವನ್ನು ಎದೆಗೆ ಆನಿಸಿ, ತಲೆಯನ್ನು ಬಲಗಾಲಿನ ಹಿಮ್ಮಡಿಯ ಹತ್ತಿರ ಊರುವುದು. ಎಡಗೈಗೆ ವಾದ್ಯ ಹೊರುವ ಕೆಲಸ ತಪ್ಪಿತು, ಗಮಕಕ್ಕೆ ಅದು ಹಗುರಾಯಿತು. ಪಾಶ್ಚಾತ್ಯರು ಇದನ್ನು ನೋಡಿ ಬೆರಗಾಗುತ್ತಾರೆ. ಆದರೆ ಗದ್ದದಡಿ ಕಚ್ಚಿ ಹಿಡಿಯುವ ಪದ್ಧತಿ ಅವರಲ್ಲೂ ಅಷ್ಟು ಹಳೆಯದಲ್ಲ. 1751ರಲ್ಲಿ ಲಂಡನ್ನಿನಲ್ಲಿ ಪಾಠಪುಸ್ತಕ ಬರೆದ ಜೆಮಿನಿಯಾನಿ, ವಾದ್ಯವನ್ನು ಕೊರಳಮೂಳೆಯ ಕೆಳಗೆ ಇಟ್ಟುಕೊಳ್ಳಿ ಎನ್ನುತ್ತಾನೆ. ಗದ್ದದ ಹಲಗೆ ಬಂದದ್ದು 1820ರ ಸುಮಾರಿಗೆ, ಸ್ಪೋರ್ ಎಂಬ ಜರ್ಮನ್ ವಾದಕನಿಂದ. ಶ್ರುತಿಯನ್ನು ಷಡ್ಜ-ಪಂಚಮಕ್ಕೆ ಇಳಿಸಿಕೊಂಡದ್ದೂ ಅಪಚಾರವಲ್ಲ. ಬರೋಕ್ ಕಾಲದ ಬೀಬರ್ ತನ್ನ ಜಪಮಾಲೆ ಸೊನಾಟಾಗಳಲ್ಲಿ ಒಂದೊಂದಕ್ಕೂ ತಂತಿಗಳನ್ನು ಬೇರೆ ಬೇರೆಯಾಗಿ ಬಿಗಿಸಿದ್ದಾನೆ.

ಅಂಗಾಂಗಗಳ ಹೆಸರು ಹುಡುಕಲು ನಮ್ಮವರು ದೂರ ಹೋಗಲಿಲ್ಲ. ವೀಣೆಯ ಬಿರಡೆ, ವೀಣೆಯ ಕುದುರೆ ಪಿಟೀಲಿಗೂ ಬಂದವು. ಬಿಲ್ಲಿಗೆ ಮಾತ್ರ ಪಾರಸಿಯ ಕಮಾನು. ಆ ಕಮಾನಿಗೆ ಕಟ್ಟುವುದು ಕುದುರೆಯ ಬಾಲದ ಕೂದಲು. ಹಾಗಾಗಿ ಪಿಟೀಲಿನಲ್ಲಿ ತಂತಿಯ ಕೆಳಗೊಂದು ಕುದುರೆ, ಮೇಲೊಂದು ಕುದುರೆ.

ಹೆಸರನ್ನು ತಿದ್ದಲು ಪಂಡಿತರು ಕೈಹಾಕದೆ ಬಿಡಲಿಲ್ಲ. ಧನುರ್ವೀಣೆ ಅಂದರು. ವಯೊಲಿನ್ ಎಂಬ ದನಿಗೆ ಹೊಂದುವ ಹಾಗೆ ಬಾಹುಲೀನ ಅಂದರು, ತೋಳಿನಲ್ಲಿ ಲೀನವಾದದ್ದು. ತೆಲುಗಿನಲ್ಲಿ ವಾಯುಲೀನ ಎಂಬುದು ಇವತ್ತಿಗೂ ಗಟ್ಟಿಯಾಗಿ ನಡೆಯುತ್ತಿದೆ. ಜಾಣ ಪದಗಳು, ಒಪ್ಪೋಣ. ಆದರೆ ಮೈಸೂರಿನ ಮಂದಿ ಅವಕ್ಕೆ ಸೊಪ್ಪು ಹಾಕಲಿಲ್ಲ. ಇಲ್ಲಿ ಅರಸರೇ ಪಿಟೀಲು ಹಿಡಿದಿದ್ದರು. ಚಾಮರಾಜ ಒಡೆಯರು ನುರಿತ ವಾದಕರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವೀಣೆ, ಕೊಳಲು, ಪಿಯಾನೊಗಳ ಜೊತೆಗೆ ಪಿಟೀಲೂ ಬರುತ್ತಿತ್ತು. ಅವರ ಕಾಲಕ್ಕೆ ಅರಮನೆಯ ಪಾಶ್ಚಾತ್ಯ ವಾದ್ಯವೃಂದಕ್ಕೆ ಜರ್ಮನಿಯ ಆಟೊ ಸ್ಮಿತ್ ಗುರುವಾಗಿದ್ದರು. ವೀಣೆ ಶೇಷಣ್ಣನವರೂ ಪಿಟೀಲು, ಪಿಯಾನೊ ಬಲ್ಲವರು. ಜಯಚಾಮರಾಜ ಒಡೆಯರಂತೂ ಪಿಯಾನೊ ಅಭ್ಯಾಸ ಮಾಡಿ, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ವಯೊಲಿನ್ ಎಂಬ ಘನವಾದ ಮಾತು ಅರಮನೆಯಲ್ಲಿ ದಿನವೂ ಕೇಳುತ್ತಿದ್ದಿರಬೇಕು. ಆದರೂ ಊರು ಅಂದದ್ದು ಪಿಟೀಲು.

ಈ ಊರಿಗೊಂದು ರೂಢಿ ಇತ್ತು. ವಿದ್ವಾಂಸನ ವಾದ್ಯವನ್ನು ಅವನ ಹೆಸರಿನ ಮುಂದೆ ನಿಲ್ಲಿಸುವುದು: ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ. ಸರಸ್ವತಿಯ ಕೈಯ ವಾದ್ಯಕ್ಕೆ ಸಂದ ಆ ಜಾಗಕ್ಕೆ ಹೆಂಡದಂಗಡಿಯ ಹೆಸರು ಹತ್ತಿ ಕೂತದ್ದು ತಿರುಮಕೂಡಲಿನ ಚೌಡಯ್ಯನವರಿಂದ. 1895ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಮನೆಯಲ್ಲಿ ಕಠಿಣ ಶಿಷ್ಯವೃತ್ತಿ ಮಾಡಿದವರು. ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಗೆ ನಾಲ್ಕು ತಂತಿಯ ನಾದ ಸಾಲದೆಂದು ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಸಿದರು. ಸಭಾಂಗಣ ಹಿಗ್ಗಿದಾಗ ವಾದ್ಯದ ಮೈಗೆ ಕೈಹಾಕುವುದು ಇಟಲಿಯ ಪಿಟೀಲುಗಳಿಗೂ ಆದ ಪಾಡೇ. ಸ್ಟ್ರಾಡಿವರಿ ಮಾಡಿದ ವಾದ್ಯಗಳಲ್ಲಿ ಬಹುಪಾಲಿನ ಕತ್ತನ್ನು 1800ರ ಆಸುಪಾಸಿನಲ್ಲಿ ಕಳಚಿ, ಉದ್ದದ ಹೊಸ ಕತ್ತು ಕೂರಿಸಿ, ತಂತಿಯನ್ನು ಇನ್ನಷ್ಟು ಬಿಗಿದರು. ಅವರು ಬಿಗಿದರು, ಚೌಡಯ್ಯನವರು ಕೂಡಿಸಿದರು.

ಅವರಿಗೆ 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂತು. ಜನರ ನಾಲಿಗೆಯ ಮೇಲೆ ಉಳಿದದ್ದು ಪಿಟೀಲು ಚೌಡಯ್ಯ ಎಂಬುದೊಂದೇ. ಅವರು 1967ರಲ್ಲಿ ತೀರಿಕೊಂಡರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣ ಎದ್ದಾಗ ಕಟ್ಟಡಕ್ಕೇ ಪಿಟೀಲಿನ ಆಕಾರ ಕೊಟ್ಟರು. ಇಂಗ್ಲಿಷಿನಲ್ಲಿ ಫಿಡಲ್ ಇವತ್ತಿಗೂ ಒಂದು ಮೆಟ್ಟಿಲು ಕೆಳಗೇ ನಿಂತಿದೆ; ಲೆಕ್ಕ ತಿರುಚುವುದಕ್ಕೂ ಆ ಪದ ಬಳಕೆಯಾಗುತ್ತದೆ. ಅದೇ ಪದ ಮೈಸೂರಿಗೆ ಬಂದು ಬಿರುದಾಯಿತು. ಅನ್ಯಭಾಷೆಯ ಹೀನ ಪದವೊಂದು ಕನ್ನಡದಲ್ಲಿ ಇಷ್ಟು ಮೇಲೇರಿದ್ದು ನನಗೆ ಬೇರೆ ನೆನಪಾಗುವುದಿಲ್ಲ.

ಬಿರುದಾದ ಮೇಲೂ ಹಳೆಯ ಚಾಳಿ ಪೂರ್ತಿ ಬಿಟ್ಟಿಲ್ಲ. ಬಾಯಿ ಮುಚ್ಚದವನನ್ನು ಕಂಡರೆ ‘ಬಂದ ನೋಡು ಪಿಟೀಲು ಕುಯ್ಯೋಕೆ’ ಅನ್ನುತ್ತೇವೆ. ಕಮಾನಿನ ಹಿಂದೆಮುಂದೆ ಓಡಾಟ ಗರಗಸವನ್ನು ನೆನಪಿಸಿದ್ದು ಇದಕ್ಕೆ ಕಾರಣವಿರಬೇಕು. ಕ್ರಿಯಾಪದವೂ ಕೆಳಗಿಳಿಯಿತು. ಹಿಂದೆ ವೀಣೆ ಬಾರಿಸುವುದು ಮರ್ಯಾದೆಯ ಮಾತು. ಈಗ ವಿದ್ವಾಂಸರು ಪಿಟೀಲು ನುಡಿಸುತ್ತಾರೆ. ಬಾರಿಸುವುದನ್ನು ಡೋಲಿಗೆ, ಕಪಾಳಕ್ಕೆ, ನೀರೋಗೆ ಬಿಟ್ಟಿದ್ದೇವೆ.

ಗಣೇಶನ ಹಬ್ಬಕ್ಕೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ನಡೆಯುವ ಸಂಗೀತೋತ್ಸವದಂಥ ಕಡೆಗಳಲ್ಲಿ ಎರಡು ಹೆಸರೂ ಕಿವಿಗೆ ಬೀಳುತ್ತವೆ. ಕನ್ನಡದ ಕಚೇರಿ ಆಹ್ವಾನ ಪತ್ರಿಕೆಯಲ್ಲಿ ಹಾಡುವವರ ಹೆಸರಿನ ಕೆಳಗೆ ಪಿಟೀಲು, ಮೃದಂಗ, ಘಟ ಎಂದೇ ಬರೆಯುವ ವಾಡಿಕೆ ಇನ್ನೂ ಉಂಟು. ಮಕ್ಕಳನ್ನು ಪಾಠಕ್ಕೆ ಸೇರಿಸುವ ತಾಯಂದಿರು ಮಾತ್ರ ವಯೊಲಿನ್ ಕ್ಲಾಸು ಎನ್ನುತ್ತಾರೆ. ಲಂಡನ್ನಿನ ಒಪೇರಾದಲ್ಲೂ ಅರಮನೆಯಲ್ಲೂ ನಿಂತುಹೋಗಿದ್ದ ಪದ ತಡವಾಗಿ ಊರಿಗೆ ಬಂದು ತಲುಪಿದೆ. ಬಿರುದಿನ ರೂಢಿಯೂ ಬದಲಾಯಿತು. ವಿದ್ವಾನ್ ಮಹಾದೇವಪ್ಪನವರ ಮಕ್ಕಳು ಪಿಟೀಲಿನಲ್ಲಿ ಜಗತ್ತು ಸುತ್ತಿದವರು, ಆದರೆ ಅವರ ಹೆಸರಿನ ಮುಂದೆ ಅಂಟಿಕೊಂಡದ್ದು ವಾದ್ಯವಲ್ಲ, ಊರು: ಮೈಸೂರು ನಾಗರಾಜ್, ಮೈಸೂರು ಮಂಜುನಾಥ್.