ಕಳಲೆಯ ನೀರು: ಮಲೆನಾಡಿನ ಅಡುಗೆ ಮತ್ತು ಸಸ್ಯವಿಷ

ಮೂಡಿಗೆರೆ, ಕಳಸದ ಕಡೆ ಮುಂಗಾರು ಬಲಿತ ಮೇಲೆ ಬಿದಿರುಮೆಳೆಗಳಲ್ಲಿ ಕಳಲೆ ಏಳುತ್ತದೆ. ಹೊರಗಿನ ಸಿಪ್ಪೆ ಸುಲಿದು, ಎಳೆಯ ಭಾಗವನ್ನು ತೆಳ್ಳಗೆ ಹೆಚ್ಚಿ, ನೀರಿನಲ್ಲಿ ಮುಳುಗಿಸಿಟ್ಟು, ದಿನವೂ ನೀರು ಬದಲಿಸಿ, ಮೂರನೆಯ ದಿನ ಪಲ್ಯಕ್ಕೋ ಹುಳಿಗೋ ಬಳಸುವುದು ವಾಡಿಕೆ. ಕಹಿ ಹೋಗಲೆಂದು ಹೀಗೆ ಮಾಡುತ್ತಾರೆ. ಕಹಿಯೊಂದಿಗೆ ಸಯನೈಡೂ ಹೋಗುತ್ತದೆ. ಸಸ್ಯಜನ್ಯ ಸಂಯುಕ್ತವೆಂದರೆ ಆ್ಯಂಟಿಆಕ್ಸಿಡೆಂಟುಗಳ ಗುಣಗಾನವೇ ಆಗಿಬಿಟ್ಟಿರುವ ಈಚಿನ ಆಹಾರಚರ್ಚೆಯಲ್ಲಿ ಈ ಮಗ್ಗುಲನ್ನು ಕೇಳುವವರು ಕಡಿಮೆ.

ಕಳಲೆಯಲ್ಲಿರುವುದು ಟ್ಯಾಕ್ಸಿಫಿಲಿನ್ ಎಂಬ ಗ್ಲೈಕೋಸೈಡ್. ಬುಡಕ್ಕಿಂತ ತುದಿಯಲ್ಲಿ ಇದರ ಪ್ರಮಾಣ ಹಲವು ಪಟ್ಟು ಹೆಚ್ಚು. ಜೀವಕೋಶ ಇಡಿಯಾಗಿರುವಾಗ ಇದೂ ಇದನ್ನು ಒಡೆಯುವ ಕಿಣ್ವವೂ ಬೇರೆಬೇರೆ ಇರುತ್ತವೆ. ಕತ್ತಿ ಬಿದ್ದೊಡನೆ ಎರಡೂ ಬೆರೆತು ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಹಾಗಾಗಿ ತೆಳ್ಳಗೆ ಹೆಚ್ಚುವುದು ಬರೀ ನಾಜೂಕಲ್ಲ, ವಿಷ ಬಿಡಿಸುವ ಮೊದಲ ಹೆಜ್ಜೆ. ಬಿಡುಗಡೆಯಾದದ್ದು ನೀರಿಗೆ ಇಳಿಯುತ್ತದೆ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ವಸ್ತುವಾದ್ದರಿಂದ ಉಳಿದದ್ದು ಒಲೆಯ ಮೇಲೆ ಆವಿಯಾಗುತ್ತದೆ. ಮರಗೆಣಸಿನ ಲಿನಮರಿನ್ ಕುದಿನೀರಿಗೆ ಸುಲಭವಾಗಿ ಜಗ್ಗುವುದಿಲ್ಲ. ಟ್ಯಾಕ್ಸಿಫಿಲಿನ್ ಬಿಸಿಗೆ ಬೇಗ ಒಡೆಯುತ್ತದೆ. ಈ ವಿಷಯದಲ್ಲಿ ಕಳಲೆ ತಿನ್ನುವವರು ಅದೃಷ್ಟವಂತರು.

ಅಲ್ಪಸ್ವಲ್ಪ ಉಳಿದ ಸಯನೈಡನ್ನು ದೇಹ ರೋಡನೀಸ್ ಕಿಣ್ವದ ಮೂಲಕ ಗಂಧಕದೊಂದಿಗೆ ಸೇರಿಸಿ ಥಯೋಸಯನೇಟ್ ಆಗಿಸುತ್ತದೆ. ಸಯನೈಡಿನಷ್ಟು ಘೋರವಲ್ಲದಿದ್ದರೂ ಇದು ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದಕ್ಕೆ ಅಡ್ಡಬರುತ್ತದೆ. ಗಳಗಂಡ ವ್ಯಾಪಕವಾಗಿ ಕಂಡುಬಂದ ಕರ್ನಾಟಕದ ಜಿಲ್ಲೆಗಳಲ್ಲಿ ಮೂಡಿಗೆರೆ, ಕಳಸಗಳಿರುವ ಚಿಕ್ಕಮಗಳೂರೂ ಒಂದಾದ್ದರಿಂದ ಕಳಲೆಗೂ ಗಳಗಂಡಕ್ಕೂ ಗಂಟು ಹಾಕುವ ಆಸೆ ಸಹಜ. ನನಗೆ ಅದು ಅವಸರದ ತೀರ್ಮಾನವೆನಿಸುತ್ತದೆ. ಜಡಿಮಳೆ ಮಣ್ಣಿನ ಅಯೋಡಿನನ್ನು ತೊಳೆದೊಯ್ಯುವ ಸೀಮೆಯಿದು. ಕಳಲೆಯಾದರೋ ವರ್ಷದಲ್ಲಿ ಕೆಲವೇ ವಾರಗಳ ತಿನಿಸು. ಅಯೋಡಿನ್ ಸಾಲದ ದೇಹಕ್ಕೆ ಥಯೋಸಯನೇಟ್ ಹೆಚ್ಚುವರಿ ಹೊರೆಯಾದೀತು, ಅಷ್ಟೇ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವೂ ಉಪ್ಪಿಗೆ ಅಯೋಡಿನ್ ಸೇರಿಸುವ ದಾರಿಯನ್ನೇ ಹಿಡಿಯಿತು.

ವಿಷವನ್ನು ನೀರಿಗಿಳಿಸಿ ಆವಿಯಾಗಿಸುವ ಕಳಲೆಯ ಲೆಕ್ಕ ಪತ್ರೊಡೆಯ ಕೆಸುವಿಗೆ ಹೊಂದದು. ಅದರ ಎಲೆಯಲ್ಲಿರುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು. ಅವು ನೀರಿನಲ್ಲಿ ಕರಗುವುದಿಲ್ಲ, ಆವಿಯಾಗುವುದೂ ಇಲ್ಲ. ಅಲ್ಲಿ ಚೆನ್ನಾಗಿ ಬೇಯಿಸುವುದು, ಹುಣಸೆಹುಳಿ ಬೆರೆಸುವುದು ಗಂಟಲಿನ ತುರಿಕೆ ತಗ್ಗಿಸುವ ರೂಢಿ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾದವರು ಕೆಸುವನ್ನು ಮಿತವಾಗಿ ತಿನ್ನುವುದು ಒಳಿತು.

ಈಗ ಪೇಟೆಯಲ್ಲಿ ಹೆಚ್ಚಿದ ಕಳಲೆಯೇ ಸಿಗುತ್ತದೆ. ಅದರ ನೀರು ಎಷ್ಟು ಸಲ ಬದಲಾಗಿದೆಯೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಮನೆಗೆ ತಂದ ಮೇಲೆ ಪಾತ್ರೆಯ ಮುಚ್ಚಳ ತೆಗೆದು ಚೆನ್ನಾಗಿ ಕುದಿಸಿ, ಆ ನೀರನ್ನು ಬಸಿದು ಚೆಲ್ಲಿಯೇ ಒಗ್ಗರಣೆಗೆ ಹಾಕಬೇಕು.